ಅಂಗಡಿ, ಮನೆಯ ಕಂಪ್ಯೂಟರ್‌ಗಳನ್ನು ಯಾರ ಕೈಗೆ ಒಪ್ಪಿಸಲಿ?

ಪ್ರಶ್ನೆ: ಹಾಸನದಲ್ಲಿ ನಮ್ಮದು ಪೇಂಟ್ ಮತ್ತು ಪ್ಲೈವುಡ್ ಅಂಗಡಿ. ಮೂರು ಕಂಪ್ಯೂಟರ್ ಇವೆ, ಬಿಲ್ಲಿಂಗ್ ಎಲ್ಲ ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಂನಲ್ಲಿ. ಅಂಗಡಿಗೂ ಗೋಡೌನಿಗೂ ಸಿಸಿ ಕ್ಯಾಮೆರಾ ಹಾಕಿಸಿದ್ದೇವೆ. ಮನೆಯಲ್ಲಿ ನಿವೃತ್ತ ಮೇಷ್ಟ್ರಾದ ನಮ್ಮ ತಂದೆಯವರ ಕಂಪ್ಯೂಟರ್ ಇದೆ, ಕಾಲೇಜಿಗೆ ಹೋಗುವ ಮಗಳ ಲ್ಯಾಪ್‌ಟಾಪ್ ಇದೆ. ಇಷ್ಟು ದಿನ ಪರಿಚಯದ ಹುಡುಗನೊಬ್ಬ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಈಗ ಫೋನ್ ಎತ್ತುವುದೇ ಅಪರೂಪ. ಹೊಸಬರೊಬ್ಬರು ಬಂದು ನೋಡಿ, ‘ವಿಂಡೋಸ್ 10 ಮುಗಿಯಿತು, ಎಲ್ಲ ಕಂಪ್ಯೂಟರ್ ಬದಲಾಯಿಸಿ, ಒಂದು ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಹಣ ಪೂರ್ತಿ ಮುಂಗಡ ಕೊಡಿ’ ಎಂದಿದ್ದಾರೆ. ನನಗೆ ಕಂಪ್ಯೂಟರ್ ಬಗ್ಗೆ ಜಾಸ್ತಿ ತಿಳಿಯದು. ನಂಬಬಹುದಾದವರನ್ನು ಗುರುತಿಸುವುದು ಹೇಗೆ?

ಉತ್ತರ: ಕಂಪ್ಯೂಟರ್ ತಿಳಿಯದ ನಾವು ತಿಳಿದವರನ್ನು ಹೇಗೆ ಅಳೆಯುವುದು ಎಂಬುದು ನಿಮ್ಮ ಚಿಂತೆ. ಅವರಿಗೆ ಎಷ್ಟು ಗೊತ್ತು ಎಂದು ಅಳೆಯುವುದು ನಿಮಗೆ ನಿಜಕ್ಕೂ ಕಷ್ಟ. ಆದರೆ ಅವರನ್ನು ನಂಬಬಹುದೇ ಎಂದು ತಿಳಿಯಲು ಆ ವಿದ್ಯೆ ಬೇಕಾಗಿಲ್ಲ. ಒಂದು ವಿಷಯ ಗಮನಿಸಿದರೆ ಸಾಕು. ಅವರು ಕೆಲಸ ಮುಗಿಸಿ ಎದ್ದು ಹೋದ ಮೇಲೆ ಪಾಸ್‌ವರ್ಡು, ಖಾತೆ, ಲೈಸೆನ್ಸು, ಬಿಲ್ಲು ಯಾರ ಹೆಸರಿನಲ್ಲಿ ಉಳಿದಿವೆ? ಎಲ್ಲವೂ ನಿಮ್ಮ ಹೆಸರಿನಲ್ಲಿದ್ದರೆ ಅವರು ಒಳ್ಳೆಯವರು. ನಾಳೆ ಅವರು ಬರದಿದ್ದರೂ ನಿಮ್ಮ ಅಂಗಡಿ ನಡೆಯುತ್ತದೆ. ಎಲ್ಲವೂ ಅವರ ಹೆಸರಿನಲ್ಲಿದ್ದರೆ, ಅವರು ಎಷ್ಟೇ ಬುದ್ಧಿವಂತರಾಗಿದ್ದರೂ ನೀವು ಸಿಕ್ಕಿಕೊಂಡಿದ್ದೀರಿ ಎಂದರ್ಥ. ಗೋಡೆಗೆ ಬಣ್ಣ ಹೊಡೆಯಲು ಬಂದವರ ಹೆಸರಿಗೆ ಯಾರೂ ಮನೆ ಪತ್ರ ಬರೆದುಕೊಡುವುದಿಲ್ಲ ಅಲ್ವಾ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತೇವೆ, ಅದೂ ನಮಗೇ ಗೊತ್ತಿಲ್ಲದೆ.

ಹಾಗಾಗಿ ಹೊಸಬರನ್ನು ಹುಡುಕುವ ಮೊದಲು ಹಳೆಯ ಹುಡುಗನಿಂದ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಿ. ಅವನ ಮೇಲೆ ಸಿಟ್ಟು ಬೇಡ. ಇಂಥ ಹುಡುಗರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಆ ಕ್ಷಣಕ್ಕೆ ಕೆಲಸ ಬೇಗ ಆಗಲಿ ಎಂದು ತಮ್ಮದೇ ಇಮೇಲು, ತಮ್ಮದೇ ಫೋನ್ ನಂಬರು ಹಾಕಿಬಿಟ್ಟಿರುತ್ತಾರೆ, ಆಮೇಲೆ ಮರೆಯುತ್ತಾರೆ. ಅವನು ಊರಿಗೆ ಬಂದಾಗ ಒಂದು ಗಂಟೆ ಸಮಯ ಕೇಳಿ. ಆ ಗಂಟೆಗೆ ಹಣ ಕೊಡುತ್ತೇನೆ ಎಂದು ಮೊದಲೇ ಹೇಳಿ. ಪುಕ್ಕಟೆ ಸಹಾಯ ಕೇಳಿದರೆ ಮುಂದೂಡುವವರು ಹಣ ಎಂದಾಗ ಬರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಆ ಒಂದು ಗಂಟೆಯಲ್ಲಿ ಏನೇನು ಕೇಳಬೇಕು? ಮೊದಲು ಟ್ಯಾಲಿ. ನಿಮ್ಮ ಲೈಸೆನ್ಸಿನ ಸೀರಿಯಲ್ ನಂಬರ್ ಯಾವ ಇಮೇಲ್ ಖಾತೆಗೆ ಸೇರಿದೆ ಎಂದು ನೋಡಿ. ಕಂಪ್ಯೂಟರ್ ಕೆಟ್ಟು ಲೈಸೆನ್ಸನ್ನು ಮತ್ತೆ ಹಾಕಬೇಕಾದಾಗ ಅನ್‌ಲಾಕ್ ಕೀ ಹೋಗುವುದು ಆ ಇಮೇಲ್‌ಗೆ. ಅದು ಅವನದಾಗಿದ್ದರೆ ಆಗಲೇ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ. ನಂತರ ಲೆಕ್ಕಕ್ಕೆಲ್ಲ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದಾನೆಯೇ ಎಂದು ಕೇಳಿ. ಹಾಕಿದ್ದರೆ ಇದು ಬಹಳ ಮುಖ್ಯ. ಆ ಪಾಸ್‌ವರ್ಡ್ ಕಳೆದುಹೋದರೆ ಟ್ಯಾಲಿ ಕಂಪನಿಯವರಿಂದಲೂ ತೆರೆಸಲು ಆಗುವುದಿಲ್ಲ, ಲೆಕ್ಕವೆಲ್ಲ ಒಳಗೇ ಉಳಿಯುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರ ಮೊಬೈಲು, ಯಾರ ಇಮೇಲು ಇದೆ ಎಂದೂ ನೋಡಿ. ಒಟಿಪಿ ಬರುವುದು ನಿಮ್ಮ ಫೋನಿಗೇ ಇರಬೇಕು.

ಆಮೇಲೆ ಅಂಗಡಿಯ ಜಿಮೇಲ್. ಅದರ ರಿಕವರಿ ಫೋನು, ರಿಕವರಿ ಇಮೇಲು ಯಾರದು? ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಕಾಣಿಸುತ್ತಿದ್ದರೆ ಅದರ ಓನರ್ ಯಾರು ಎಂದು ತೆಗೆದು ನೋಡಿ. ಸಾಮಾನ್ಯವಾಗಿ ಮಾಡಿಕೊಟ್ಟವರೇ ಓನರ್ ಆಗಿ, ಅಂಗಡಿಯವರು ಬರೀ ಮ್ಯಾನೇಜರ್ ಆಗಿರುತ್ತಾರೆ. ಅದು ತಿರುಗುಮುರುಗಾಗಬೇಕು. ವೆಬ್‌ಸೈಟ್ ಇದ್ದರೆ ಡೊಮೇನ್ ಹೆಸರು, ಅಂದರೆ ಅದರ ವಿಳಾಸ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವಾಗ ಅವಧಿ ಮುಗಿಯುತ್ತದೆ ಎಂದು ಬರೆದುಕೊಳ್ಳಿ. ವೆಬ್‌ಸೈಟನ್ನು ಮತ್ತೆ ಕಟ್ಟಬಹುದು. ಡೊಮೇನ್ ಹೆಸರು ಬೇರೆಯವರದಾಗಿದ್ದು, ಅವರು ನವೀಕರಿಸುವುದನ್ನು ಮರೆತರೆ, ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಅಚ್ಚಾದ ವಿಳಾಸ ಇನ್ಯಾರದೋ ಪಾಲಾಗಬಹುದು.

ಸಿಸಿ ಕ್ಯಾಮೆರಾವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕ್ಯಾಮೆರಾ ಕಂಡದ್ದನ್ನು ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ಪಾಸ್‌ವರ್ಡ್ ಕೇಳಿ. ಮೊಬೈಲ್‌ನಲ್ಲಿ ಕ್ಯಾಮೆರಾ ನೋಡುವ ಆ್ಯಪ್‌ಗೆ ಡಿವಿಆರ್ ಅನ್ನು ಯಾರ ಖಾತೆಯಿಂದ ಜೋಡಿಸಿದ್ದಾರೆ ಎಂದೂ ಕೇಳಿ. ಹಾಕಿಕೊಟ್ಟವರ ಖಾತೆಯಿಂದ ಜೋಡಿಸಿದ್ದರೆ ನಿಮ್ಮ ಅಂಗಡಿ, ಗೋಡೌನು ಅವರ ಫೋನಿನಲ್ಲೂ ಕಾಣಿಸುತ್ತಿರುತ್ತದೆ. ಅವರು ನೋಡುತ್ತಾರೋ ಇಲ್ಲವೋ, ಅದು ಬೇರೆ ಮಾತು. ಹಾಗೆ ಇರಲೇಬಾರದು. ವೈಫೈ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಇದೇ ಪಟ್ಟಿಗೆ ಸೇರುತ್ತದೆ. ವೈಫೈಗೆ ಸೇರಲು ಹಾಕುವ ಪಾಸ್‌ವರ್ಡ್ ಬೇರೆ, ಇದು ಬೇರೆ.

ಮಗಳ ಲ್ಯಾಪ್‌ಟಾಪ್ ವಿಷಯ ಇನ್ನೂ ಸೂಕ್ಷ್ಮ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಹೊಸದಾಗಿ ಸೆಟಪ್ ಮಾಡಿದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಬೇರೆಯವರು ಓದಲಾಗದಂತೆ ಬೀಗ ಬೀಳುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಇದರಿಂದ ಒಳ್ಳೆಯದೇ. ಆದರೆ ಅದನ್ನು ಬಿಡಿಸುವ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಸೆಟಪ್ ಮಾಡಿಕೊಟ್ಟವರು ತಮ್ಮ ಖಾತೆ ಹಾಕಿದ್ದರೆ ಕೀ ಅವರ ಬಳಿ. ಮುಂದೊಂದು ದಿನ ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ಪ್ರೋಗ್ರಾಂ) ಅಪ್‌ಡೇಟ್ ಆಗಿಯೋ, ಮದರ್‌ಬೋರ್ಡ್ ಬದಲಾಗಿಯೋ ನೀಲಿ ಪರದೆ ಬಂದು ಆ ಕೀ ಕೇಳುತ್ತದೆ. ಆಗ ಮಗಳ ಪ್ರಾಜೆಕ್ಟು, ಫೋಟೋ ಎಲ್ಲ ಡಿಸ್ಕಿನಲ್ಲಿ ಭದ್ರವಾಗಿಯೇ ಇರುತ್ತವೆ, ತೆಗೆಯಲು ಮಾತ್ರ ಆಗುವುದಿಲ್ಲ. ಇಂದೇ ಮಗಳ ಸ್ವಂತ ಖಾತೆಗೆ ಲಾಗಿನ್ ಆಗಿ ಕೀ ಅಲ್ಲಿ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಡಿ.

ಇದಕ್ಕೆಲ್ಲ ಒಂದು ನೋಟ್‌ಬುಕ್ ಸಾಕು. ಕೈಯಲ್ಲೇ ಬರೆದು, ಅಂಗಡಿಯ ದಾಖಲೆ ಪತ್ರಗಳ ಜೊತೆ ಬೀರುವಿನಲ್ಲಿ ಇಡಿ. ಪಾಸ್‌ವರ್ಡ್ ಕಾಗದದ ಮೇಲೆ ಬರೆಯಲೇಬಾರದು ಎಂದು ಹೇಳುವವರಿದ್ದಾರೆ. ಮಾನಿಟರ್‌ಗೆ ಚೀಟಿ ಅಂಟಿಸುವುದು ತಪ್ಪು, ನಿಜ. ಬೀಗ ಹಾಕಿದ ಬೀರುವಿನ ನೋಟ್‌ಬುಕ್ಕು ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎಷ್ಟೋ ವಾಸಿ. ಹಳೆಯ ಹುಡುಗನಿಂದ ಎಲ್ಲ ಬರೆದುಕೊಂಡ ಮೇಲೆ ಆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ ಹೊಸದನ್ನು ಬರೆಯಿರಿ.

ಈಗ ಹೊಸಬರನ್ನು ಎಲ್ಲಿ ಹುಡುಕುವುದು? ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಪ್ರಿಂಟರ್ ಕಂಪನಿಯ ಕಸ್ಟಮರ್ ಕೇರ್ ಎಂದು ಹುಡುಕಿದಾಗ ಸಿಗುವ ನಂಬರುಗಳಲ್ಲಿ ಮೋಸಗಾರರವೂ ಇರುತ್ತವೆ. ಪರದೆ ತುಂಬ ಕೆಂಪು ಬಣ್ಣ ಬಂದು, ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಕೂಗಿದರೆ ಅದು ಖಂಡಿತ ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಈ ಮಾತನ್ನು ನಿಮ್ಮ ತಂದೆಯವರಿಗೂ ಹೇಳಿಡಿ.

ನಾನಾಗಿದ್ದರೆ ಮೊದಲು ನಿಮ್ಮ ಆಡಿಟರ್ ಅವರನ್ನು ಕೇಳುತ್ತೇನೆ. ಅವರ ಬಳಿಗೆ ಊರಿನ ಎಷ್ಟೋ ಅಂಗಡಿಗಳ ಲೆಕ್ಕ ಬರುತ್ತದೆ. ಯಾರ ಡೇಟಾ ಪದೇ ಪದೇ ಹಾಳಾಗುತ್ತದೆ, ಯಾರದು ಪ್ರತಿ ತಿಂಗಳೂ ಸರಿಯಾಗಿ ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ‘ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ’ ಎಂದು ಕೇಳಬೇಡಿ. ‘ನಿಮ್ಮ ಯಾವ ಕಕ್ಷಿದಾರರ ಡೇಟಾ ಈ ಮೂರು ನಾಲ್ಕು ವರ್ಷದಲ್ಲಿ ಕಳೆದಿಲ್ಲ, ಅವರಿಗೆ ಕಂಪ್ಯೂಟರ್ ನೋಡಿಕೊಳ್ಳುವವರು ಯಾರು’ ಎಂದು ಕೇಳಿ. ನಿಮ್ಮಷ್ಟೇ ದೊಡ್ಡದಾದ ಬೇರೆ ಅಂಗಡಿ, ಮೆಡಿಕಲ್ ಸ್ಟೋರು, ನರ್ಸಿಂಗ್ ಹೋಮ್‌ನವರನ್ನೂ ವಿಚಾರಿಸಿ. ಇಬ್ಬರು ಮೂವರು ಒಂದೇ ಹೆಸರು ಹೇಳಿದರೆ ಅವರನ್ನು ಕರೆಸಿ.

ಒಬ್ಬರೇ ಮಾಡುವವರು ಒಳ್ಳೆಯದೋ, ನಾಲ್ಕು ಜನರ ಸಂಸ್ಥೆಯೋ? ಎರಡರಲ್ಲೂ ಒಳ್ಳೆಯವರಿದ್ದಾರೆ. ಒಬ್ಬರೇ ಆದರೆ ನಿಮ್ಮ ವ್ಯವಸ್ಥೆ ಅವರ ತಲೆಯಲ್ಲೇ ಇರುತ್ತದೆ, ಬೇಗ ಸರಿ ಮಾಡುತ್ತಾರೆ. ಅವರಿಗೆ ಜ್ವರ ಬಂದರೆ, ಊರಿಗೆ ಹೋದರೆ ಯಾರು ಬರುತ್ತಾರೆ ಎಂದು ಮೊದಲೇ ಕೇಳಿ. ತಮ್ಮ ಬದಲು ಬರುವ ಇನ್ನೊಬ್ಬರ ಹೆಸರನ್ನು ತಡವರಿಸದೆ ಹೇಳುವವರು ಈ ವೃತ್ತಿಯನ್ನು ಗಂಭೀರವಾಗಿ ತೆಗೆದುಕೊಂಡವರು.

ಮೊದಲ ದಿನವೇ ಇಡೀ ಅಂಗಡಿ ಒಪ್ಪಿಸಬೇಡಿ. ಒಂದು ಸಣ್ಣ ಕೆಲಸ ಕೊಡಿ. ತಂದೆಯವರ ಕಂಪ್ಯೂಟರ್ ನಿಧಾನ ಎಂದೋ, ಪ್ರಿಂಟರ್ ಕೈಕೊಡುತ್ತಿದೆ ಎಂದೋ ಕರೆಯಿರಿ. ಪಕ್ಕದಲ್ಲಿ ಕೂತು ನೋಡಿ. ಒಳ್ಳೆಯವರು ಕೀಬೋರ್ಡ್ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾರೆ. ಯಾವಾಗಿನಿಂದ ಹೀಗೆ? ಅದಕ್ಕೆ ಮುಂಚೆ ಏನಾದರೂ ಹೊಸದಾಗಿ ಹಾಕಿದಿರಾ? ಇದರಲ್ಲಿರುವುದರ ಕಾಪಿ ಬೇರೆ ಎಲ್ಲಾದರೂ ಇದೆಯಾ? ಈ ಕೊನೆಯ ಪ್ರಶ್ನೆಗೆ ಬೆಲೆ ಜಾಸ್ತಿ. ಅದನ್ನು ಕೇಳದೆ ‘ಫಾರ್ಮ್ಯಾಟ್ ಹೊಡೆದರೆ ಸರಿಯಾಗುತ್ತೆ’ ಎನ್ನುವವರಿಗೆ ಚಹಾ ಕೊಟ್ಟು ಕಳಿಸಿಬಿಡಿ.

ಫಾರ್ಮ್ಯಾಟ್ ಮಾತು ಬಂತಲ್ಲ, ನಮ್ಮ ಕಡೆ ಇದರಲ್ಲಿ ಇನ್ನೊಂದು ಅಪಾಯ ಇದೆ. ನಿಮ್ಮ ತಂದೆಯವರು ಮೇಷ್ಟ್ರು. ವರ್ಷಗಟ್ಟಲೆ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ ಕಡತಗಳು ಅವರ ಬಳಿ ಇರಬಹುದು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಲ್ಲೂ ಅಕ್ಷರ ಒಂದೇ ರೀತಿ ಕಾಣುವಂತೆ ಮಾಡುವ ಪದ್ಧತಿ) ಬರುವುದಕ್ಕೆ ಮುಂಚಿನ ಫಾಂಟ್‌ಗಳಲ್ಲಿ ಬರೆದವಾಗಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫಾರ್ಮ್ಯಾಟ್ ಮಾಡಿ ಕಡತಗಳನ್ನು ವಾಪಸ್ ಹಾಕಿ, ಫಾಂಟ್ ಹಾಕದೆ ಹೋದರೆ ಎಲ್ಲ ಹಾಳಾಯಿತು ಎಂದು ಹಿರಿಯರು ಕಂಗಾಲಾಗುತ್ತಾರೆ. ಎಷ್ಟೋ ಜನ ಹಾಗೆ ಹಾಳಾಗಿದೆ ಎಂದುಕೊಂಡು ಅಳಿಸಿಯೂ ಬಿಟ್ಟಿದ್ದಾರೆ. ಬಂದವರನ್ನು ಕೇಳಿ: ‘ಅಪ್ಪಾಜಿಯವರ ನುಡಿ ಕಡತಗಳನ್ನು ಏನು ಮಾಡುತ್ತೀರಿ?’ ಫಾಂಟ್ ಫೈಲುಗಳನ್ನು ಮೊದಲು ತೆಗೆದಿಟ್ಟುಕೊಳ್ಳುತ್ತೇನೆ, ಆಮೇಲೆ ಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಡುತ್ತೇನೆ, ಹಳೆಯ ಕಡತವನ್ನು ಹಾಗೇ ಉಳಿಸುತ್ತೇನೆ ಎಂದರೆ ಅವರಿಗೆ ನಮ್ಮ ಜನರ ಕಂಪ್ಯೂಟರ್ ಗೊತ್ತಿದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯೇ ಎಂದು ತಂದೆಯವರೇ ನಾಲ್ಕು ಪುಟ ಓದಿ ನೋಡಲಿ.

ಅವರು ತಂದೆಯವರ ಜೊತೆ ಹೇಗೆ ಮಾತಾಡುತ್ತಾರೆ ಎಂಬುದನ್ನೂ ನೋಡಿ. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ‘ಸರ್, ಇಲ್ಲಿ ಒತ್ತಿ, ಈಗ ನೀವೇ ಒಂದು ಸಲ ಮಾಡಿ’ ಎನ್ನುತ್ತಾರೋ, ಮೌಸ್ ಕಿತ್ತುಕೊಂಡು ಐದು ಕ್ಷಣದಲ್ಲಿ ಏನೋ ಮಾಡಿ ‘ಆಯ್ತು’ ಎನ್ನುತ್ತಾರೋ? ಬೈಯುವವರ ಹತ್ತಿರ ಜನ ತಪ್ಪನ್ನು ಮುಚ್ಚಿಡುತ್ತಾರೆ. ನಿಮ್ಮ ಅಂಗಡಿಯ ಬಿಲ್ಲಿಂಗ್ ಹುಡುಗಿ ಒಂದು ಅನುಮಾನದ ಇಮೇಲ್ ತೆರೆದುಬಿಟ್ಟಳು ಅಂದುಕೊಳ್ಳಿ. ಕೂಡಲೇ ಫೋನ್ ಮಾಡಿ ಹೇಳಿದರೆ ನೆಟ್ ಕೇಬಲ್ ತೆಗೆಸಿ ಉಳಿದ ಕಂಪ್ಯೂಟರ್‌ಗಳನ್ನು ಉಳಿಸಬಹುದು. ಹೆದರಿ ಎರಡು ದಿನ ಸುಮ್ಮನಿದ್ದರೆ ಎಲ್ಲ ಹೋಗುತ್ತದೆ. ಸ್ನೇಹದಿಂದ ಮಾತಾಡುವವರನ್ನು ನಾನು ಹುಡುಕಿ ಎನ್ನುವುದು ಇದಕ್ಕೇ.

ಈಗ ನಿಮಗೆ ಬಂದಿರುವ ಸಲಹೆ, ವಿಂಡೋಸ್ 10 ವಿಷಯ. ಅವರು ಹೇಳಿದ್ದರಲ್ಲಿ ಅರ್ಧ ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಲ್ಲಿಸಿತು. ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿತು. ಕಂಪ್ಯೂಟರ್ ಆ ದಿನ ನಿಂತುಹೋಗಲಿಲ್ಲ, ಆದರೆ ಆ ಹೆಚ್ಚುವರಿ ಅಪ್‌ಡೇಟ್ ಇಲ್ಲದಿದ್ದರೆ ಭದ್ರತೆಯಲ್ಲಿ ಹೊಸದಾಗಿ ಸಿಗುವ ತೂತುಗಳನ್ನು ಮುಚ್ಚುವವರಿಲ್ಲ. ಇದು ಅಸಡ್ಡೆ ಮಾಡುವ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನ ತುಂಬ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆದರೆ ‘ಎಲ್ಲ ಬದಲಾಯಿಸಿ’ ಎನ್ನುವುದಕ್ಕೆ ಮುಂಚೆ ನೋಡಬೇಕಾದ್ದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಮತ್ತು ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿದರೆ ಅದೇ ಕಂಪ್ಯೂಟರ್ ಸಾಕಾಗುತ್ತದೆ, ಅಪ್‌ಗ್ರೇಡ್ ಉಚಿತ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿದರೆ ಆಗುತ್ತದೋ ಇಲ್ಲವೋ ಅಲ್ಲೇ ಹೇಳುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗೆ ಅದರ ಬದಲು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿದರೆ ತುಂಬಾ ಚುರುಕಾಗುತ್ತದೆ. ನಿಮ್ಮ ಮೂರರಲ್ಲಿ ಒಂದನ್ನು ನಿಜಕ್ಕೂ ಬದಲಾಯಿಸಬೇಕಾಗಬಹುದು, ಇನ್ನೊಂದಕ್ಕೆ ಎಸ್‌ಎಸ್‌ಡಿ ಸಾಕಾಗಬಹುದು. ಒಂದೊಂದನ್ನೂ ತೆರೆದು ನೋಡಿ, ಇದು ಯಾಕೆ ಆಗುತ್ತೆ, ಅದು ಯಾಕೆ ಆಗಲ್ಲ ಎಂದು ಹೇಳಿದವರನ್ನು ನಂಬಿ. ಬಾಗಿಲಲ್ಲಿ ನಿಂತೇ ಮೂರಕ್ಕೂ ಕೊಟೇಶನ್ ಕೊಟ್ಟವರು ಕಂಪ್ಯೂಟರ್ ಮಾರಲು ಬಂದವರು. ಮಾರುವುದು ತಪ್ಪಲ್ಲ, ಆದರೆ ಅವರ ಸಲಹೆಯನ್ನು ಮಾರಾಟಗಾರರ ಸಲಹೆ ಎಂದೇ ತೂಗಬೇಕು.

ಇದೇ ಹೊತ್ತಿಗೆ ಇನ್ನೊಂದು ಪರೀಕ್ಷೆಯೂ ಆಗಿಹೋಗುತ್ತದೆ. ‘ಒರಿಜಿನಲ್ ವಿಂಡೋಸ್ ಯಾಕೆ, ನಾನು ಹಾಕಿಕೊಡ್ತೀನಿ’ ಎಂದರೆ ಬೇಡ ಎನ್ನಿ. ಕಳ್ಳ ಪ್ರತಿಯನ್ನು ಓಡಿಸುವ ಆ್ಯಕ್ಟಿವೇಟರ್‌ಗಳು ಕೆಲಸ ಮಾಡಲು ಸಾಮಾನ್ಯವಾಗಿ ಆಂಟಿವೈರಸ್ ಆಫ್ ಮಾಡಬೇಕಾಗುತ್ತದೆ. ನಿಮ್ಮ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ನಲ್ಲಿ, ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಕೊಟ್ಟಂತಾಯಿತು. ಕಾನೂನಿನ ಭಯ ಆಮೇಲಿನ ಮಾತು.

ಬ್ಯಾಕಪ್ ಬಗ್ಗೆ ಎಲ್ಲರೂ ‘ಆಗ್ತಾ ಇದೆ ಸರ್’ ಎನ್ನುತ್ತಾರೆ. ನೀವು ಅಷ್ಟಕ್ಕೆ ಬಿಡಬೇಡಿ. ‘ನಿನ್ನೆಯ ಬ್ಯಾಕಪ್ ತೆಗೆದು, ಬೇರೆ ಫೋಲ್ಡರ್‌ನಲ್ಲಿ ರಿಸ್ಟೋರ್ ಮಾಡಿ, ನಿನ್ನೆಯ ಕೊನೆಯ ಬಿಲ್ ತೋರಿಸಿ’ ಎನ್ನಿ. ಬೇರೆ ಫೋಲ್ಡರ್ ಎಂದು ಒತ್ತಿ ಹೇಳಲು ಕಾರಣ ಇದೆ. ಇರುವ ಡೇಟಾ ಮೇಲೆಯೇ ರಿಸ್ಟೋರ್ ಮಾಡಿದರೆ ಇಂದಿನ ಬಿಲ್‌ಗಳು ಅಳಿಸಿಹೋಗುತ್ತವೆ. ಇದನ್ನು ಅವರೇ ಮೊದಲು ಹೇಳಿದರೆ ಕೆಲಸ ಬಲ್ಲವರು. ಈ ವೃತ್ತಿಯಲ್ಲಿ ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬ ಲೆಕ್ಕ ಇದೆ. ನಿಮಗೆ ಅದು ಹೀಗಾಗುತ್ತದೆ: ಕಂಪ್ಯೂಟರ್‌ನಲ್ಲಿ ಒಂದು, ಬೀರುವಿನಲ್ಲಿಟ್ಟ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ನಿಮ್ಮದೇ ಹೆಸರಿನ ಕ್ಲೌಡ್ ಖಾತೆಯಲ್ಲಿ ಒಂದು. ಹೊರಗಿನ ಡಿಸ್ಕ್ ಅನ್ನು ಯಾವಾಗಲೂ ಸಿಕ್ಕಿಸಿಯೇ ಇಡಬೇಡಿ. ರ‍್ಯಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಬೀಳುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಒಂದು ವರ್ಷದ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ ಹಳೆಯ ವರ್ಷಗಳ ಡೇಟಾ ಕೂಡ ತೆರೆಯುತ್ತದೆಯೇ ಎಂದು ಆಗಾಗ ನೋಡಿಸಿ.

ದೂರದಿಂದ ಕಂಪ್ಯೂಟರ್ ಸರಿ ಮಾಡುವುದು ಈಗ ಮಾಮೂಲು. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥವು ಒಳ್ಳೆಯ ಸಾಧನಗಳೇ. ಅವೇ ಮೋಸಗಾರರ ಕೈಗೂ ಸಿಕ್ಕಿವೆ. ಜನರ ಫೋನಿಗೆ ಎನಿಡೆಸ್ಕ್ ಹಾಕಿಸಿ ಯುಪಿಐ ಹಣ ಎಗರಿಸುವುದರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಿಮ್ಮ ನಿಯಮ ಸರಳವಾಗಿರಲಿ. ಫೋನ್ ನೀವು ಮಾಡಿರಬೇಕು. ಪ್ರತಿ ಸಲವೂ ನೀವು ಒಪ್ಪಿಗೆ ಒತ್ತಿದ ಮೇಲೇ ಅವರು ಒಳಗೆ ಬರಬೇಕು. ನೀವಿಲ್ಲದಾಗಲೂ ಬರುವಂತೆ ಖಾಯಂ ಪಾಸ್‌ವರ್ಡ್ ಇಡುವುದು ಬೇಡ. ಬ್ಯಾಂಕ್ ಪೇಜ್ ಮುಚ್ಚಿರಬೇಕು, ಡಿಜಿಟಲ್ ಸಿಗ್ನೇಚರ್ ಟೋಕನ್ ಕಂಪ್ಯೂಟರ್‌ನಿಂದ ತೆಗೆದಿರಬೇಕು. ಕೆಲಸ ನಡೆಯುವಾಗ ಎದುರಿಗೆ ಕೂತಿರಿ. ಒಟಿಪಿಯನ್ನು ಯಾವ ಕಂಪ್ಯೂಟರ್ ರಿಪೇರಿಗೂ ಹೇಳಬೇಕಾಗಿಲ್ಲ. ಹಣ ಹೋಯಿತು ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಮಗಳ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ ಸ್ವಲ್ಪ ಜಾಸ್ತಿ ಎಚ್ಚರ ಇರಲಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿ ಬರದಂತೆ ಸಣ್ಣ ತೊಂದರೆ ಮಾಡಿ, ಒಳಗೆ ನಡೆಯುವುದೆಲ್ಲ ದಾಖಲಾಗುವಂತೆ ಮಾಡಿ, ಅವನ್ನು ಬೇರೆ ಬೇರೆ ರಿಪೇರಿ ಅಂಗಡಿಗಳಿಗೆ ಕೊಟ್ಟರು. ಧ್ವನಿ ಸರಿ ಮಾಡಲು ಫೋಟೋ ತೆರೆಯುವ ಅಗತ್ಯವೇ ಇಲ್ಲ. ಆದರೂ ಆರು ಕಡೆ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು. ಎರಡು ಕಡೆ ತಮ್ಮ ಸಾಧನಕ್ಕೆ ನಕಲು ಮಾಡಿಕೊಂಡಿದ್ದರು. ಹೆಂಗಸರದು ಎಂದು ಕಾಣುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿಯಾಗಿತ್ತು. ಇದು ಅಲ್ಲಿನ ಕಥೆ ಎಂದು ಬಿಡುವಂತಿಲ್ಲ. ಆಗುವುದಾದರೆ ಮನೆಯಲ್ಲೇ, ಮಗಳ ಎದುರಿಗೇ ಕೆಲಸ ಆಗಲಿ. ಅಂಗಡಿಯಲ್ಲಿ ಬಿಡಲೇಬೇಕಾದರೆ ಖಾಸಗಿ ಕಡತಗಳನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ, ರಿಪೇರಿಯವರಿಗೆಂದೇ ಬೇರೆ ಯೂಸರ್ ಖಾತೆ ಮಾಡಿಕೊಡಿ. ಬ್ಯಾಟರಿ, ಕೀಬೋರ್ಡ್, ಹಿಂಜ್ ಬದಲಾಯಿಸಲು ಪಾಸ್‌ವರ್ಡ್ ಬೇಕೇ ಆಗಿಲ್ಲ. ಯಾಕೆ ಬೇಕು ಎಂದು ಮಗಳೇ ಕೇಳಲಿ. ನಂಬಿಕಸ್ಥರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಒಬ್ಬರನ್ನು ಗೊತ್ತು ಮಾಡಿದ ಮೇಲೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಯಾವ ಯಾವ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ, ಕರೆದಾಗ ಎಷ್ಟು ಹೊತ್ತಿಗೆ ಬರುತ್ತಾರೆ, ಬಿಡಿಭಾಗದ ಹಣ ಸೇರಿದೆಯೋ ಬೇರೆಯೋ, ಬಿಟ್ಟು ಹೋಗುವಾಗ ಎಲ್ಲ ಪಾಸ್‌ವರ್ಡ್ ಬರೆದುಕೊಟ್ಟು ಹೋಗುತ್ತಾರೆ, ನಿಮ್ಮ ಮಾಹಿತಿಯನ್ನು ಹೊರಗೆ ಕೊಡುವುದಿಲ್ಲ. ಈ ಕೊನೆಯ ಸಾಲು ಸುಮ್ನೆ ಅಲ್ಲ. ಒಪ್ಪಂದದ ಮೇಲೆ ಸೇವೆ ಕೊಡುವವರು ಅದರಿಂದ ತಮಗೆ ಸಿಕ್ಕ ಖಾಸಗಿ ಮಾಹಿತಿಯನ್ನು ನಷ್ಟ ಮಾಡುವ ಉದ್ದೇಶದಿಂದ ಬಯಲು ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 72ಎ ಕಲಂ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇದೆ. ಒಪ್ಪಂದ ಕಾಗದದಲ್ಲಿದ್ದರೆ ಅದನ್ನು ತೋರಿಸುವುದು ಸುಲಭ.

ಹಣದ ವಿಷಯದಲ್ಲಿ ನನ್ನದು ಒಂದು ಕೋರಿಕೆ: ತೀರಾ ಚೌಕಾಸಿ ಮಾಡಬೇಡಿ. ಐದು ನಿಮಿಷದಲ್ಲಿ ಸರಿ ಮಾಡಿದರು, ಇಷ್ಟು ಹಣ ಯಾಕೆ ಎಂದು ಕೇಳುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಅವರು ಮುಂದಿನ ಸಲ ಐದು ನಿಮಿಷದ ಕೆಲಸವನ್ನು ಎರಡು ಗಂಟೆ ಎಳೆಯುತ್ತಾರೆ, ಇಲ್ಲವೇ ಬೇಡದ ಭಾಗ ಬದಲಾಯಿಸಿ ಅದರಲ್ಲಿ ಸರಿತೂಗಿಸುತ್ತಾರೆ. ಒಂದು ಸಲ ಬಂದು ಹೋದರೆ ಎಷ್ಟು, ದೂರದಿಂದ ಮಾಡಿದರೆ ಎಷ್ಟು ಎಂದು ಮೊದಲೇ ಕೇಳಿ, ಒಪ್ಪಿದ್ದನ್ನು ಅಂದೇ ಕೊಡಿ. ಬದಲಿಗೆ ಬಿಲ್ ಕೇಳಿ. ಎಸ್‌ಎಸ್‌ಡಿ, ಯುಪಿಎಸ್ ಬ್ಯಾಟರಿ ಯಾವುದೇ ಇರಲಿ, ಬಿಲ್ ನಿಮ್ಮ ಹೆಸರಿನಲ್ಲಿರಲಿ, ಸೀರಿಯಲ್ ನಂಬರ್ ಅದರ ಮೇಲಿರಲಿ. ಇಲ್ಲದಿದ್ದರೆ ವಾರಂಟಿ ಕೇಳುವಾಗ ಕಷ್ಟ. ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ. ಹಳೆಯ ಹಾರ್ಡ್ ಡಿಸ್ಕ್ ಅಂತೂ ಯಾರಿಗೂ ಕೊಡಲೇಬೇಡಿ. ಕೆಟ್ಟಿದೆ ಎಂದ ಡಿಸ್ಕಿನಿಂದಲೂ ಡೇಟಾ ತೆಗೆಯಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇದೇ ಭಾಗ ಕಡಿಮೆಗೆ ಸಿಗುತ್ತದೆ ಎಂದು ನೀವೇ ತಂದುಕೊಡಲು ಹೊರಟರೆ, ಆಮೇಲೆ ಅದು ಕೆಟ್ಟಾಗ ಹೊಣೆ ಯಾರದು ಎಂಬ ಜಗಳ ಬರುತ್ತದೆ. ಸ್ವಲ್ಪ ಹೆಚ್ಚಾದರೂ ಅವರಿಂದಲೇ ಹಾಕಿಸಿ ಎನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಎಎಂಸಿ. ಮೂರು ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ ಇರುವ ನಿಮ್ಮ ಅಂಗಡಿಗೆ ಎಎಂಸಿ ಇದ್ದರೆ ಅನುಕೂಲವೇ. ಮನೆಯ ಎರಡಕ್ಕೆ ಬೇಕಾಗಿಲ್ಲ, ಕರೆದಾಗ ಬಂದರೆ ಸಾಕು. ಆದರೆ ಹೊಸಬರಿಗೆ ಇಡೀ ವರ್ಷದ ಹಣ ಮುಂಗಡ ಕೊಡಬೇಡಿ. ಮೂರು ತಿಂಗಳಿಗೊಮ್ಮೆ ಕೊಡುತ್ತೇನೆ ಎನ್ನಿ. ಪ್ರತಿ ಮೂರು ತಿಂಗಳಿಗೆ, ಏನೂ ಕೆಡದಿದ್ದರೂ, ಒಂದು ಸಲ ಬಂದು ಅಪ್‌ಡೇಟ್, ಯುಪಿಎಸ್, ಅರ್ಥಿಂಗ್, ಡಿವಿಆರ್ ರೆಕಾರ್ಡಿಂಗ್ ನೋಡಬೇಕು ಎಂದು ಒಪ್ಪಂದದಲ್ಲಿ ಸೇರಿಸಿ. ಆ ಭೇಟಿಗಳಲ್ಲಿ ಒಂದು ಮುಂಗಾರಿನ ಗುಡುಗು ಮಿಂಚು ಶುರುವಾಗುವ ಮೊದಲೇ ಆಗಲಿ. ಇದಕ್ಕೆ ಒಪ್ಪದಿದ್ದರೆ ಆಡಿಟರ್ ಹೇಳಿದ ಇನ್ನೊಬ್ಬರನ್ನು ಕರೆಯಿರಿ. ಒಪ್ಪಿದರೆ, ಮೊದಲ ಕಂತನ್ನು ಟ್ಯಾಲಿ ಬ್ಯಾಕಪ್ ನಿಮ್ಮ ಕಣ್ಣೆದುರಿಗೆ ರಿಸ್ಟೋರ್ ಮಾಡಿ ತೋರಿಸಿದ ದಿನ ಕೊಡಿ.